ಗುರುವಾರದ ಮೂಕ ಸಂಸಾರ

ನಿವೃತ್ತನಾದ ಮೇಲೆ ಓಡಾಟ ನಿಂತೀತು ಅಂದುಕೊಂಡಿದ್ದೆ. ನಿಂತದ್ದು ಕಾಲೇಜಿನ ಗಂಟೆ ಮಾತ್ರ. ಸೊಲ್ಲಾಪುರದ ಮನೆಯಲ್ಲಿ ನಾಲ್ಕು ಸಲ ಕೂತು ಐದು ಸಲ ಎದ್ದರೂ ಇನ್ನೂ ಹತ್ತೂವರೆ. ಕಾಲು ಕೇಳಬೇಕಲ್ಲ. ಅದಕ್ಕೇ ಗುರುವಾರ ಗುರುವಾರ ಅಕ್ಕಲಕೋಟಿಯ ಬಸ್ಸು ಹತ್ತುತ್ತೇನೆ. ಅಲ್ಲಿ ನನ್ನ ಗೆಳೆಯ ಪಡಸಾಲೆಯ ಗೋಡೆಗೆ ಧೋತರ ಕಟ್ಟಿ, ಸಿನೆಮಾಕ್ಕೆ ಇನ್ನೂ ಮಾತು ಬಾರದಿದ್ದ ಕಾಲದ ಚಿತ್ರ ತೋರಿಸುತ್ತಾನೆ. ಮದುವೆ, ಮುಚ್ಚಿಟ್ಟ ಪತ್ರ, ಮತ್ಸರ, ಎಲ್ಲದರಲ್ಲೂ ಇವೇ. ನಡುನಡುವೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮೂಡುವ ಪಾತ್ರಗಳ ಮಾತನ್ನು ಕನ್ನಡದಲ್ಲಿ ಹೇಳುವವನು ನಾನು. ಈ ವಯಸ್ಸಿಗೆ ಸಿನೆಮಾ ಅಂದರೆ ನಕ್ಕಾಳೆಂದು ಹೆಂಡತಿಗೆ ಮಾತ್ರ ಅಲ್ಲಿನ ಗುಡಿಯಲ್ಲಿ "ಸ್ವಾಮಿ ದರ್ಶನ" ಎಂದಿದ್ದೆ.

ತಡವಳದ ಮುದುಕ

ಒಮ್ಮೆ ಪರದೆಯ ಮೇಲೆ ಗಂಡ ತನ್ನ ತಂಗಿಯ ಕೈ ಹಿಡಿದದ್ದನ್ನು ಕಂಡು ಹೆಂಡತಿ ತಪ್ಪು ತಿಳಿದಳು. ತಡವಳದಿಂದ ಬಂದಿದ್ದ ಕುರಿ ಕಾಯುವ ಮುದುಕ ಎದ್ದು ನಿಂತ.

"ಯವ್ವಾ, ಆಕಿ ನಿನ್ನ ನಾದಿನಿ ಅದಾಳ. ಸಿಟ್ಟಾಗಬ್ಯಾಡ."

"ಕುಂದರ್ರಿ ಕಾಕಾ, ಆಕಿಗಿ ಕೇಳಂಗಿಲ್ಲ," ಅಂದೆ.

"ನಮ್ಮ ಮನ್ಯಾಗೂ ಹಂಗ ಐತ್ರಿ," ಅಂತ ಕೂತ. "ನನ್ನ ಬಾಯಿ ಅಲುಗಾಡತೈತಿ, ಆಕಿಗಿ ಕೇಳಂಗಿಲ್ಲ."

ಅಂಗಿಯ ಕಿಸೆ

ಗೆಳೆಯ ಕೊಟ್ಟಿದ್ದ ಹಳೆಯ ನಟಿಯ ಫೋಟೋ ಒಂದು ದಿನ ನನ್ನ ಕಿಸೆಯಲ್ಲಿ ಹೆಂಡತಿಗೆ ಸಿಕ್ಕಿತು.

"ಯಾರಿಕಿ?"

"ಸಿನೆಮಾದಾಕಿ. ನಾ ಹುಟ್ಟೂ ಮೊದಲ ಸತ್ತಾಳ."

"ಸತ್ತಾಕಿ ಸಲುವಾಗಿ ಗುರುವಾರಕ್ಕೊಮ್ಮೆ ಇಸ್ತ್ರಿ ಅಂಗಿ ಬೇಕೇನ್ರಿ?"

ಎಲ್ಲ ಹೇಳಿದೆ. ನಂಬಲಿಲ್ಲ. "ಈ ಗುರುವಾರ ನಾನೂ ಬರ್ತೀನಿ. ಸುಳ್ಳಂತ ತಿಳೀತಂದ್ರ ಅಲ್ಲಿಂದ ಸೀದಾ ದುಧನಿಗೆ, ನಮ್ಮ ತಮ್ಮನ ಮನಿಗೆ," ಅಂದಳು. ಬುಧವಾರವೇ ಚೀಲ ತುಂಬಿಟ್ಟಳು.

ಬರೋಬರ್ ಅನುವಾದ

ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಳು. ನನ್ನ ದೈವ ನೋಡಿ: ಪರದೆಯ ಮೇಲೆ ಹೆಂಡತಿ, ಗಂಡನ ಕೋಟಿನಲ್ಲಿ ಸಿಕ್ಕ ಪತ್ರ ಹಿಡಿದು ನಿಂತಿದ್ದಾಳೆ. ಗಂಡನ ಉತ್ತರ ಮೂಡಿತು: "ನಾನು ಗುಡಿಗೆ ಹೋಗಿದ್ದೆ."

ನಾನು ಅವಳ ತೊಡೆಯ ಮೇಲಿನ ಚೀಲ ನೋಡಿದೆ. "ಅವ ಅಂತಾನ... ಇವತ್ತ ಹವಾ ಛಲೋ ಅದ," ಅಂದೆ.

ನನ್ನವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳೆಂಬುದು ಆ ಗಾಬರಿಯಲ್ಲಿ ಮರೆತೇ ಹೋಗಿತ್ತು. ಎದ್ದು ಬಂದಳು. "ಸರಕೋರಿ ಆ ಕಡಿ. ಗುಡಿಗೆ ಹೋಗಿದ್ದೆ ಅಂತ ಸುಳ್ಳ ಹೇಳಾಕತ್ತಾನ," ಎಂದು ಎಲ್ಲರಿಗೂ ಹೇಳಿ, ಮುಂದಿನದನ್ನೂ ತಾನೇ ಓದತೊಡಗಿದಳು.

ಕೊನೆಗೆ ಗಂಡ ಮೊಣಕಾಲೂರಿದ. ಆಕೆಯ ಉತ್ತರ ಮೂಡಿತು: "ನಿಮ್ಮನ್ನು ಕ್ಷಮಿಸಿದ್ದೇನೆ."

ನನ್ನವಳು ನನ್ನತ್ತ ನೋಡುತ್ತ ಓದಿದಳು: "ಒಂದು ತಿಂಗಳು ಮನೀ ಭಾಂಡೆ-ಪಾತ್ರೆ ಎಲ್ಲಾ ನೀವ ತಿಕ್ಕಬೇಕು. ಅಂದ್ರ ನಾ ದುಧನಿಗೆ ಹೋಗಂಗಿಲ್ಲ."

ಜನಕ್ಕೆ ಅನುಮಾನ ಬಂತು. ಒಬ್ಬ ಕೇಳಿದ, "ಸರ್, ಅಕ್ಕಾರು ಬರೋಬರ್ ಹೇಳಾಕತ್ತಾರೇನ್ರಿ?"

"ಅಕ್ಷರ ಅಕ್ಷರ ಬರೋಬರ್," ಅಂದೆ.