ಶಾಮಸುಂದರ ತೋರಿಸಿದ ಕಂಬ

ಶಾಮಸುಂದರನಿಗೆ ಭಾಷಣ ಮಾಡೆಂದು ಯಾರೂ ಹೇಳಿರಲಿಲ್ಲ. ಒಂದೇ ಕಟ್ಟಡದ ಕನ್ನಡದವರೆಲ್ಲ ಸೇರಿ ದುಬೈ ಕ್ರೀಕ್ ದಂಡೆಯ ಹಳೆಯ ಮನೆಯೊಂದನ್ನು ನೋಡಲು ಬಂದಿದ್ದರು. ಮನೆ ತೋರಿಸುವ ಗೈಡ್ ವೆಲಿಟಾ, ಅವಳೂ ಕನ್ನಡದವಳೇ, ಇನ್ನೊಂದು ಗುಂಪಿನ ಜೊತೆ ಒಳಗಿದ್ದಳು. ಸುಮ್ಮನೆ ಕಾಯುವುದು ಶಾಮಸುಂದರನ ಜಾಯಮಾನವಲ್ಲ. ಅಂಗಳದ ಮಧ್ಯೆ ನಿಂತು, ಹಿಂದಿನ ದಿನ ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸತೊಡಗಿದ.

"ಹಿಂದೆ ಇಲ್ಲಿ ಮನುಷ್ಯರನ್ನೇ ಮಾರ್ತಿದ್ರು. ಆಗ ಇದು ಬ್ರಿಟಿಷ್ ಅಧಿಕಾರಿಯ ಮನೆ. ಯಾವ ಗುಲಾಮ ಓಡಿಬಂದು ಇಲ್ಲಿನ ಬಾವುಟದ ಕಂಬ ಅಪ್ಪಿಕೊಂಡ್ನೋ, ಅವನಿಗೆ ಬಿಡುಗಡೆ. ನೋಡಿ, ಇದೇ ಆ ಕಂಬ!" ಎಂದು ಬಿಳಿಯ ಕಂಬವೊಂದನ್ನು ತಟ್ಟಿದ. ತನ್ನ ಮಾತಿಗೆ ತಾನೇ ತಲೆದೂಗಿದ. "ಇನ್ನೊಬ್ಬರ ಜೀವ ಕೈಲಿ ಹಿಡ್ಕೊಂಡು ಕೂತವನನ್ನ ಭಗವಂತ ಕ್ಷಮಿಸ್ತಾನಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮನೆಯಲ್ಲಿ ಅಡುಗೆ ಮಾಡುವ ಮರಿಯಮ್ ಬೀವಿ ಮಾತ್ರ ತಟ್ಟಲಿಲ್ಲ. ಅವಳ ಎರಡೂ ಕೈಯಲ್ಲಿ ಪುಳಿಯೋಗರೆಯ ಡಬ್ಬಗಳಿದ್ದವು. ಅವನ್ನು ಮೆಲ್ಲಗೆ ನೆಲಕ್ಕಿಟ್ಟು, ಬಂದು ಕಂಬವನ್ನು ತಬ್ಬಿಕೊಂಡಳು.

"ಏನಿದು ಬೀವಿ, ತಮಾಷೆನಾ?"

"ತಮಾಷೆ ಅಲ್ಲ ಸಾರ್. ನನ್ನ ಪಾಸ್‌ಪೋರ್ಟ್ ಕೊಡಿ. ಮಗಳಿಗೆ ಹೆರಿಗೆ ಹತ್ರ ಬಂತು, ನಂಗೆ ಊರಿಗೆ ಹೋಗ್ಲಿಕ್ಕುಂಟು."

ಅವಳ ಪಾಸ್‌ಪೋರ್ಟು ಶಾಮಸುಂದರನ ದೇವರ ಮಂಟಪದ ಡ್ರಾಯರಿನಲ್ಲಿತ್ತು. ಕೇಳಿದಾಗಲೆಲ್ಲ 'ಹಬ್ಬ ಕಳೀಲಿ' ಎನ್ನುತ್ತಿದ್ದ. ಅವನ ಮನೆಯಲ್ಲಿ ಹಬ್ಬಗಳಿಗೇನೂ ಬರವಿರಲಿಲ್ಲ.

ಪಕ್ಕದ ಫ್ಲ್ಯಾಟಿನ ಡಿಕ್ಸನ್ ಕಣ್ಣರಳಿಸಿದ. "ಎಂತ ಶಾಮಣ್ಣ, ನೀವಾ ಇಟ್ಕೊಂಡದ್ದು? ಈಗಷ್ಟೆ ಎಷ್ಟು ಚಂದ ಮಾತಾಡಿದ್ರಿ ಮಾರಾಯ್ರೆ!"

"ಭದ್ರವಾಗಿರ್ಲಿ ಅಂತ... ದೇವರ ಹತ್ರ..." ಶಾಮಸುಂದರನ ಮುಖ ಒಲೆಯ ಮೇಲೆ ಮರೆತ ಬದನೆಕಾಯಿಯಂತಾಯಿತು.

ಹೆಂಡತಿ ಇಂದ್ರಾಣಿ ಪಿಸುಗುಟ್ಟಿದಳು: "ರೀ, ಆಮೇಲೆ ಕೊಡ್ತೀವಿ ಅನ್ರಿ. ನಾಡಿದ್ದು ಪೂಜೆಗೆ ಮೂವತ್ತು ಜನ ಬರ್ತಿದಾರೆ."

ಅದು ಬೀವಿಗೂ ಕೇಳಿಸಿತು. "ಪಾಸ್‌ಪೋರ್ಟ್ ಕೈಗೆ ಬಾರದೆ ನಾನು ಬಿಡುದಿಲ್ಲ ಸಾರ್" ಎಂದು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಯಾರದೋ ಮೊಬೈಲು ವಿಡಿಯೋಗೆಂದು ಮೇಲೆದ್ದಿತು.

ಶಾಮಸುಂದರ ಕಾರು ಹತ್ತಿ ಮನೆಗೆ ಧಾವಿಸಿದ. ಡ್ರಾಯರು ಎಳೆಯುವಾಗ ದೇವರು ಮುಖ ತಿರುಗಿಸಿಕೊಂಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ದೇವರು ಎಂದಿನಂತೆ ನಗುತ್ತಲೇ ಇದ್ದ. ದಿನವೂ ಆ ಪಾಸ್‌ಪೋರ್ಟಿಗೂ ಸೇರಿಸಿಯೇ ಕೈಮುಗಿಯುತ್ತಿದ್ದೆನಲ್ಲ ಎಂಬುದು ಹೊಳೆದು, ಅವನು ತಲೆ ಎತ್ತದೆ ಹೊರಬಿದ್ದ.

ಹಿಂದಿರುಗಿದಾಗ ಡಿಕ್ಸನ್ ಬೀವಿಯ ಬಾಯಿಗೆ ಬಾಟಲಿಯಿಂದ ನೀರು ಹನಿಸುತ್ತಿದ್ದ. ಅವಳ ತೋಳು ಸಡಿಲವಾಗಿರಲಿಲ್ಲ. ಶಾಮಸುಂದರ ಎರಡೂ ಕೈಯಲ್ಲಿ ಪಾಸ್‌ಪೋರ್ಟು ನೀಡಿದ.

"ತಪ್ಪಾಯ್ತಮ್ಮ. ಇವತ್ತೇ ಟಿಕೆಟ್ ಮಾಡಿಸ್ತೀನಿ."

ಬೀವಿ ಕಂಬ ಬಿಟ್ಟು, ಪಾಸ್‌ಪೋರ್ಟನ್ನು ಎದೆಗವಚಿಕೊಂಡಳು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಡಿಕ್ಸನ್ ಶಾಮಸುಂದರನ ಬೆನ್ನು ತಟ್ಟಿದ. ಇಂದ್ರಾಣಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋದ ಮಾನ ಮರಳಿತೆಂದು ಶಾಮಸುಂದರನ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

ಅಷ್ಟರಲ್ಲಿ ವೆಲಿಟಾ ಹೊರಗೆ ಬಂದಳು.

"ಅಯ್ಯೋ, ನೀವೆಲ್ಲ ಇಲ್ಲಿ ಯಾಕೆ ನಿಂತದ್ದು? ಇದು ನೆರಳಿಗೆ ಟೆಂಟ್ ಕಟ್ಲಿಕ್ಕೆ ಮೊನ್ನೆ ನಿಲ್ಲಿಸಿದ ಪೈಪು. ಬಾವುಟದ ಕಂಬ ಹಿಂದಿನ ಅಂಗಳದಲ್ಲಿ ಉಂಟು, ಬನ್ನಿ."

ಯಾರೂ ಕದಲಲಿಲ್ಲ. ಎಲ್ಲರೂ ಶಾಮಸುಂದರನ ಕಡೆಗೇ ನೋಡುತ್ತಿದ್ದರು. ಏನೆಂದು ಅವನೂ ನೋಡಿಕೊಂಡ. ಅವನ ಬಲಗೈ, ಅವನನ್ನು ಒಂದು ಮಾತೂ ಕೇಳದೆ, ಪಾಸ್‌ಪೋರ್ಟನ್ನು ವಾಪಸು ತೆಗೆದುಕೊಳ್ಳಲು ಬೀವಿಯ ಮುಂದೆ ಚಾಚಿಕೊಂಡಿತ್ತು.