ಆಲ್‌ರೌಂಡರ್‌ನ ಷಡ್ಡಕ

ಬೆಳಗ್ಗೆ ಮೇಸ್ತ್ರಿ ಮನೆ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ಅವನ ಷಡ್ಡಕನ ಲಿಫ್ಟ್ ಗಾಡಿ ಆ ಬೀದಿಗೆ ಬಾರದೇ ಇದ್ದಿದ್ದರೆ ಅಂದಿನ ಅನಾಹುತಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಬೀದಿದೀಪ ರಿಪೇರಿ ಮಾಡುವ ಗಾಡಿ ಅದು. ಹಿಂಭಾಗದಲ್ಲಿ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಮನುಷ್ಯ ನಿಲ್ಲುವಷ್ಟು ದೊಡ್ಡ ಬುಟ್ಟಿ. ಆ ಬುಟ್ಟಿಯಲ್ಲಿ ನಿಂತು ಷಡ್ಡಕ ಕಂಬದ ಬಲ್ಬು ಬದಲಾಯಿಸಿದ. ಇಳಿಯುವ ಮೊದಲು ಮೇಸ್ತ್ರಿಯ ಮನೆಯ ತಾರಸಿಯನ್ನು ಇಣುಕಿ ನೋಡಿ, ನೀರಿನ ಟ್ಯಾಂಕಿಗೆ ಮುಚ್ಚಳ ಸರಿಯಾಗಿ ಕೂತಿಲ್ಲವೆಂದು ಇಡೀ ಬೀದಿಗೆ ಕೇಳುವಂತೆ ಹೇಳಿದ.

ಮೇಸ್ತ್ರಿಯ ಬಾಯಲ್ಲಿದ್ದ ನೊರೆ ಗಂಟಲಿಗೆ ಇಳಿಯಿತು.

ಇಬ್ಬರೂ ನಗರಸಭೆಗೆ ಒಂದೇ ದಿನ ಕೆಲಸಕ್ಕೆ ಸೇರಿದವರು, ಅಕ್ಕತಂಗಿಯರನ್ನು ಮದುವೆಯಾದವರು. ಮೇಸ್ತ್ರಿ ಸೇರಿದ್ದು ಚರಂಡಿ ವಿಭಾಗಕ್ಕೆ. ಆಗ ತಲೆ ತುಂಬ ಕೂದಲಿತ್ತು. ಕೂದಲು ಬಿಟ್ಟುಹೋಯಿತು, ಚರಂಡಿ ಬಿಡಲಿಲ್ಲ. ಷಡ್ಡಕನಾದರೋ ರಸ್ತೆ, ಸೇತುವೆ, ಉದ್ಯಾನ, ನೀರು ಸರಬರಾಜು ಎಲ್ಲ ಮುಗಿಸಿ ಈಗ ಬೀದಿದೀಪಕ್ಕೆ ಬಂದಿದ್ದ. ಯಾರಾದರೂ ಕೇಳಿದರೆ, "ಕರೆದರು, ಹೋದೆ" ಎಂದು ಭುಜ ಕುಣಿಸುತ್ತಿದ್ದ. ಕಚೇರಿಯಿಂದ ಹಿಡಿದು ನೆಂಟರವರೆಗೆ ಎಲ್ಲರಿಗೂ ಅವನು ಆಲ್‌ರೌಂಡರ್. ನೆಂಟರ ಮನೆಯಲ್ಲಿ ಅವನು ಸೇತುವೆಯ ಕತೆ ತೆಗೆದರೆ ಉಂಡವರು ಕೈತೊಳೆಯುವುದನ್ನು ಮರೆತು ಕೂರುತ್ತಿದ್ದರು. ಮೇಸ್ತ್ರಿ ತನ್ನ ಕೆಲಸದ ಕತೆ ತೆಗೆದರೆ, ಊಟದ ಹೊತ್ತಲ್ಲಿ ಬೇಡವೆಂದು ಹೆಂಡತಿಯೇ ಮೊಣಕೈಯಿಂದ ತಿವಿಯುತ್ತಿದ್ದಳು.

ಅಂದು ತಿಂಡಿ ಬಡಿಸುತ್ತಾ ಅವಳು ಹೆಚ್ಚೇನೂ ಹೇಳಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಭಾವನವರಿಗೆ ಎತ್ತರ ಅಂದ್ರೆ ಹೆದರಿಕೇನೇ ಇಲ್ಲ ನೋಡಿ" ಅಂದಳು, ಅಷ್ಟೆ. ಮೇಸ್ತ್ರಿ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದ.

ಕಚೇರಿ ತಲುಪುವಷ್ಟರಲ್ಲಿ ಅವನ ಹೊಟ್ಟೆಕಿಚ್ಚು ಡಾಂಬರು ಕಾಯಿಸುವ ಡ್ರಮ್ಮಿನಂತೆ ಕುದಿಯುತ್ತಿತ್ತು. ಹೊಸದಾಗಿ ಬಂದಿದ್ದ ಇಂಜಿನಿಯರ್ ಮೇಡಂ ವರಾಂಡದಲ್ಲಿ ನಿಂತು ಯಾರನ್ನೋ ಹುಡುಕುತ್ತಿದ್ದರು. ಕ್ಷೌರದಂಗಡಿಯ ಮುಂದೆ ನೀರಿನ ಪೈಪು ಸೋರುತ್ತಿದೆಯಂತೆ, ನೀರಿನ ವಿಭಾಗದವನು ರಜೆಯಂತೆ, ಹೋಗಿ ನೋಡುವವರು ಯಾರೂ ಇಲ್ಲವಂತೆ.

"ನಾನು ಹೋಗ್ತೀನಿ ಮೇಡಂ" ಅಂದುಬಿಟ್ಟ ಮೇಸ್ತ್ರಿ.

"ನೀವು ಚರಂಡಿಯವರಲ್ವಾ?"

"ಅಲ್ಲಿ ಹರಿಯೋದೂ ನೀರೇ ಅಲ್ವಾ ಮೇಡಂ."

ಮೇಡಂ ಗಡಿಯಾರ ನೋಡಿದರು. ಹೋಗಿ ಅಂದರು.

ಕ್ಷೌರದಂಗಡಿಯ ಮುಂದಿನ ಗುಂಡಿಯ ಮುಚ್ಚಳ ಎತ್ತಿದರೆ ಒಳಗೆ ಎರಡು ವಾಲ್ವುಗಳಿದ್ದವು, ಅವಳಿ ಮಕ್ಕಳಂತೆ. ಯಾವುದು ಯಾವುದೆಂದು ಬರೆದಿರಲಿಲ್ಲ. ಅಷ್ಟರಲ್ಲಿ ಅಂಗಡಿಯೊಳಗಿಂದ ಮೇಸ್ತ್ರಿಯ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧದಲ್ಲಿ ನೊರೆ ಹೊತ್ತುಕೊಂಡು ಹೊರಗೆ ಬಂದರು. ಎಡಗಡೆಯದ್ದನ್ನು ತಿರುಗಿಸಬೇಕೆಂದು ಅವರ ವಾದ. ಹಿಂದೆಯೇ ಕತ್ತಿ ಹಿಡಿದು ಬಂದ ಕ್ಷೌರಿಕ ಬಲಗಡೆಯದ್ದು ಅಂದ. ಆಲ್‌ರೌಂಡರ್‌ಗೆ ಒಂದು ಫೋನ್ ಮಾಡಿ ಕೇಳಬಾರದೇ ಎಂದು ಮೂರನೆಯವರೊಬ್ಬರು ಅಂದಾಗ ಮೇಸ್ತ್ರಿಯ ಕಿವಿ ಕೆಂಪಾಯಿತು. ಯಾರ ಮಾತೂ ಕೇಳಿಸದವನಂತೆ ಎಡಗಡೆಯದ್ದನ್ನು ತಿರುಗಿಸಿದ.

ಸೋರುತ್ತಿದ್ದ ಪೈಪು ಕಾರಂಜಿಯಾಯಿತು.

ಪೋಸ್ಟ್‌ಮಾಸ್ಟರರ ಗಡ್ಡದ ನೊರೆ ತಾನಾಗಿಯೇ ತೊಳೆದುಹೋಯಿತು. ಮೇಸ್ತ್ರಿ ಗಾಬರಿಯಿಂದ ಬಲಗಡೆಯದ್ದಕ್ಕೆ ಮೈಭಾರವನ್ನೆಲ್ಲ ಹಾಕಿದ. ಅದು ತಿರುಗಲಿಲ್ಲ, ಕಿತ್ತುಕೊಂಡು ಕೈಗೆ ಬಂತು. ಬಡಾವಣೆಯ ನಲ್ಲಿಗಳೆಲ್ಲ ಬತ್ತಿದವು. ಅವುಗಳಿಗೆ ಹೋಗಬೇಕಾದ ನೀರೆಲ್ಲ ಮೇಸ್ತ್ರಿಯ ತಲೆಯ ಮೇಲೆ ಸುರಿಯಿತು. ಆಚೆ ವಾರವಷ್ಟೇ ಡಾಂಬರು ಕಂಡಿದ್ದ ರಸ್ತೆ ನೆನೆದ ಬ್ರೆಡ್ಡಿನಂತೆ ಉಬ್ಬತೊಡಗಿತು.

ಕೊನೆಗೂ ಯಾರೋ ಷಡ್ಡಕನಿಗೆ ಫೋನ್ ಮಾಡಿಯೇಬಿಟ್ಟರು. ಅವನು ಬಂದವನೇ, ನೀರು ದೀಪದ ಕಂಬದ ತಂತಿಗೆ ಹಾರುತ್ತಿದೆ, ಮೊದಲು ಅದನ್ನು ಬಿಡಿಸಬೇಕು ಎಂದು ಗಾಡಿಯನ್ನು ಹತ್ತಿರಕ್ಕೆ ತರಿಸಿ ಬುಟ್ಟಿಯೇರಿದ. ಅವನು ತಂತಿ ಬಿಡಿಸಿದ್ದೂ, ಗಾಡಿಯ ಹಿಂದಿನ ಚಕ್ರ ನೆನೆದ ರಸ್ತೆಯೊಳಕ್ಕೆ ಇಳಿದದ್ದೂ ಒಟ್ಟಿಗೇ ಆಯಿತು. ಗಾಡಿ ವಾಲಿತು. ಗಾಡಿ ವಾಲಿದರೆ ತೋಳು ಅಲುಗದಂತೆ ಬಿಗಿದುಕೊಳ್ಳುತ್ತದೆಯಂತೆ. ಷಡ್ಡಕ ಎರಡನೇ ಮಹಡಿಯ ಎತ್ತರದಲ್ಲಿ ಸಿಕ್ಕಿಹಾಕಿಕೊಂಡ.

ಮೇಸ್ತ್ರಿಯ ಹೊಟ್ಟೆ ತಣ್ಣಗಾಯಿತು. ಆದರೆ ಒಂದೇ ಒಂದು ನಿಮಿಷ. ಕೆಳಗೆ ನೆರೆದ ಜನ ಎಂಥ ಧೈರ್ಯವಂತ, ಎಷ್ಟು ಸಮಾಧಾನ ನೋಡಿ ಎಂದು ಮೇಲೆ ನೋಡಿಯೇ ಕತ್ತು ನೋಯಿಸಿಕೊಂಡರು. ಎರಡನೇ ಮಹಡಿಯ ಮನೆಯಾಕೆ ಕಿಟಕಿಯಿಂದ ಚಹಾ ಚಾಚಿದರು. ಷಡ್ಡಕ ಬುಟ್ಟಿಯ ಅಂಚಿಗೊರಗಿ ಚಹಾ ಕುಡಿಯುತ್ತಾ ಕೆಳಗಿನವರಿಗೆ ಸೇತುವೆಯ ಕತೆ ಶುರುಮಾಡಿದ. ಮೊಣಕಾಲುದ್ದ ನೀರಲ್ಲಿ ನಡುಗುತ್ತಾ ನಿಂತ ಮೇಸ್ತ್ರಿಗೆ ಮೈ ಒರೆಸಿಕೊಳ್ಳಲು ಯಾರೂ ಒಂದು ಬಟ್ಟೆ ಕೊಡಲಿಲ್ಲ. ಸಿಕ್ಕಿಹಾಕಿಕೊಳ್ಳುವುದರಲ್ಲೂ ಇವನಿಗೇ ಮರ್ಯಾದೆಯೇ ಎಂದು ಅವನ ಹೊಟ್ಟೆ ಉರಿಯಿತು.

ರಜೆಯಲ್ಲಿದ್ದವನನ್ನು ಕರೆಸಿ ನೀರು ನಿಲ್ಲಿಸಿ, ರೋಡ್ ರೋಲರ್ ತರಿಸಿ ಗಾಡಿ ಎಳೆಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಮೇಡಂ ಇಬ್ಬರನ್ನೂ ಕರೆಸಿದರು. ಷಡ್ಡಕ ಮೊದಲು ಒಳಗೆ ಹೋದ. ಮೇಸ್ತ್ರಿ ಹೊರಗಿನ ಬೆಂಚಿನ ಮೇಲೆ ಹನಿ ತೊಟ್ಟಿಕ್ಕಿಸುತ್ತಾ ಕೂತ. ಚರಂಡಿಯವರ ಷೆಡ್ಡು ಕಟ್ಟಡದ ಹಿಂದಿತ್ತು. ಈ ಬೆಂಚಿನ ಮೇಲೆ ಅವನು ಕೂತದ್ದು ಇದೇ ಮೊದಲು.

"ನಿನಗ್ಯಾಕೆ ಬೇಕಿತ್ತಯ್ಯಾ ಇದು?" ಎಂದು ಹೆಡ್ ಕ್ಲರ್ಕ್ ಕನಿಕರದಿಂದ ಕೇಳಿದರು.

ಮೇಸ್ತ್ರಿಗೆ ತಡೆಯಲಾಗಲಿಲ್ಲ. ತನ್ನನ್ನು ಮಾತ್ರ ಯಾವ ವಿಭಾಗದವರೂ ಕರೆಯಲಿಲ್ಲ, ಷಡ್ಡಕನನ್ನಾದರೆ ಎಲ್ಲರೂ ಕರೆದರು ಎಂದು ಅಳುವುದೊಂದು ಬಾಕಿ ಇಟ್ಟು ಹೇಳಿಕೊಂಡ.

"ಕರೆದಿದ್ದಲ್ಲ ಕಣಯ್ಯಾ, ಕಳಿಸಿದ್ದು" ಅಂದರು ಹೆಡ್ ಕ್ಲರ್ಕ್.

ಆಮೇಲೆ ದನಿ ತಗ್ಗಿಸಿ ಎಲ್ಲ ಹೇಳಿದರು. ರಸ್ತೆ ವಿಭಾಗದಲ್ಲಿ ಷಡ್ಡಕ ಹಾಕಿಸಿದ ಉಬ್ಬಿನ ಮೇಲೆ ಅಧ್ಯಕ್ಷರ ಕಾರು ತಕ್ಕಡಿಯಂತೆ ತೂಗಿತ್ತು. ಸೇತುವೆಗೆ ಕಳಿಸಿದರೆ ಉದ್ಘಾಟನೆಯ ದಿನ ಬೆಳಗ್ಗೆ ಕಂಬಿಗೆ ಬಣ್ಣ ಬಳಿಸಿ, ಅತಿಥಿಗಳನ್ನೆಲ್ಲ ಅಂಟಿಸಿದ್ದ. ಉದ್ಯಾನದಲ್ಲಿ ಹೊಸ ಸಸಿಗಳನ್ನು ಕಳೆಯೆಂದು ಕೀಳಿಸಿದ್ದ. ಈ ಕಚೇರಿಯಲ್ಲಿ ಯಾರಿಗೂ ಶಿಕ್ಷೆ ಎಂಬುದಿಲ್ಲ. ಒಂದು ಕಡೆ ಕೆಡಿಸಿದವನನ್ನು ಇನ್ನೊಂದು ಕಡೆಗೆ ದಾಟಿಸುತ್ತಾರೆ.

ಮೇಸ್ತ್ರಿಗೆ ಬೆಂಚು ಒಂದಡಿ ಮೇಲೆದ್ದಂತಾಯಿತು. ಇಷ್ಟು ಕಾಲ ತಾನು ಕರುಬಿದ್ದು ಇಂಥವನನ್ನು ಕಂಡೋ! ಇನ್ನು ನೆಂಟರಿಷ್ಟರಲ್ಲಿ ಯಾರಿಗೆ ಮೊದಲು ಹೇಳುವುದೆಂದು ಲೆಕ್ಕ ಹಾಕುತ್ತಲೇ, ಒಳಗಿಂದ ಕರೆ ಬಂದಾಗ ನಗುನಗುತ್ತಾ ಹೋದ.

ಮೇಡಂ ನಗಲಿಲ್ಲ. "ನೀರು, ರಸ್ತೆ, ಗಾಡಿ. ಒಂದೇ ಬೆಳಗ್ಗೆ ಮೂರು ವಿಭಾಗ ಕೆಡಿಸಿದವರನ್ನ ನಾನು ಎಲ್ಲೂ ನೋಡಿಲ್ಲ" ಅಂದರು. ಷಡ್ಡಕ ಅವರ ಮುಂದೆ ಕೈಮುಗಿದು ಕಣ್ಣೀರು ಹಾಕಿದ್ದನಂತೆ. ಯಾರೂ ಅಲುಗಾಡಿಸದೆ ಒಂದೇ ಕಡೆ ಇದ್ದ ಮೇಸ್ತ್ರಿಯನ್ನು ಕಂಡು ಅವನು ಇಷ್ಟು ವರ್ಷವೂ ಹೊಟ್ಟೆ ಉರಿದುಕೊಂಡಿದ್ದನಂತೆ. ಹಾಗಾಗಿ ನಾಳೆಯಿಂದ ಚರಂಡಿಗೆ ಅವನು, ಬೀದಿದೀಪಕ್ಕೆ ಮೇಸ್ತ್ರಿ.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಬೀದಿಗೆ ಮುಟ್ಟಿತ್ತು. ಹೆಂಡತಿ ನಮ್ಮವರಿಗೆ ಲಿಫ್ಟ್ ಗಾಡಿ ಬಂತೆಂದು ಮನೆಮನೆಗೆ ಹೇಳಿ ಬಂದಿದ್ದಳು. ಮೇಸ್ತ್ರಿ ಬೀದಿಯ ತಿರುವಿನಲ್ಲಿ ನೋಡುತ್ತಾನೆ, ಷಡ್ಡಕ ಆಗಲೇ ಚರಂಡಿಯ ಕಟ್ಟೆಯ ಮೇಲೆ ಮನೆಯಳಿಯನಂತೆ ಕೂತಿದ್ದಾನೆ. ಸುತ್ತ ಮೇಸ್ತ್ರಿಯ ಆಳುಗಳು. ತಮ್ಮ ಮೇಸ್ತ್ರಿಯ ಒಂದು ಮಾತಿಗೂ ನಗದಿದ್ದವರು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಮೇಸ್ತ್ರಿಯ ಎದೆಯಲ್ಲಿ ಮತ್ತೆ ಕಿಚ್ಚೆದ್ದಿತು. ಹೇಳಿಬಿಡೋಣವೆಂದು ಬಾಯಿ ತೆರೆದ. ವಿಭಾಗದಿಂದ ವಿಭಾಗಕ್ಕೆ ಹೋಗುವುದರ ಗುಟ್ಟು ಹೊರಬಿದ್ದರೆ ಮೊದಲು ಮಾನ ಹೋಗುವುದು ತನ್ನದೇ ಎಂದು ಹೊಳೆದು ಬಾಯಿ ಮುಚ್ಚಿದ.

ಪೋಸ್ಟ್‌ಮಾಸ್ಟರ್ ಬಂದು ಕೈಕುಲುಕಿದರು. "ಬೆಳಗ್ಗೆ ನೀರು, ನಾಳೆಯಿಂದ ದೀಪ. ಆಮೇಲೆ ಯಾವ ವಿಭಾಗನಪ್ಪಾ?"

"ಎಲ್ಲಾ ನನ್ನ ಕೈಗುಣದ ಮೇಲಿದೆ ಸಾರ್" ಅಂದ ಮೇಸ್ತ್ರಿ.