ಸವೆಯದ ಲಾಳಿ ನೇಯ್ದ ಖಣ

"ಕನ್ನಡಕ ಹಾಕ್ಕೊಂಡು ನೋಡ್ರಿ ವೈನಿ. ಇದು ಜಲ್ಮದಾಗ ಸವೆಯಂಗಿಲ್ಲ!"

ನನ್ನ ಮೈದುನ ಕಾಶೀನಾಥ ಅಂಗೈಯಲ್ಲಿ ಹಿಡಿದು ತೋರಿಸಿದ್ದು ಕರಿ ಬಣ್ಣದ ಲಾಳಿ. ಮಗ್ಗದಲ್ಲಿ ಅಡ್ಡನೂಲನ್ನು ಹೊತ್ತು ಆಚೀಚೆ ಓಡುತ್ತದಲ್ಲ, ಅದು. ಗುಳೇದಗುಡ್ಡದ ಎಲ್ಲರ ಮನೆಯಲ್ಲೂ ಲಾಳಿ ಮರದ್ದು. ಇವನದು ಬಟ್ಟೆಯದು! ಎರಡು ಬಗೆಯ ನೂಲಿನಿಂದ ತಾನೇ ಬಟ್ಟೆ ನೇಯ್ದು, ಮಡಚಿ, ರಾಳದಲ್ಲಿ ಅದ್ದಿ, ಇಡ್ಲಿ ಕುಕ್ಕರಿನಲ್ಲಿ ಬೇಯಿಸಿ ಗಟ್ಟಿ ಮಾಡಿದ್ದ.

"ಬಟ್ಟಿ ಮುಖದ ಮ್ಯಾಲೆ ಗಟ್ಟಿ ನೂಲು. ಎಷ್ಟು ತಿಕ್ಕಿದ್ರೂ ಜಗ್ಗಂಗಿಲ್ಲ. ಹಿಂಭಾಗಕ್ಕ ಜಾರೋ ನೂಲು. ಒಳಗಿನ ಕಂಡಿಕಿಗೆ ಸುತ್ತಿದ ನೂಲು ಸರಾಗ ಬಿಚ್ಚಲಿ ಅಂತ. ನೀವು ಬಿ.ಎಸ್ಸಿ. ಓದಿದವರು, ನಿಮಗ ತಿಳೀತದ."

"ನನ್ನ ಇಡ್ಲಿ ಕುಕ್ಕರ್!" ಒಳಗಿನಿಂದ ಅವನ ಹೆಂಡತಿ ಶಾಕಂಬರಿ ಕೂಗಿದಳು.

"ತೊಳದಿಟ್ಟೀನಲ್ಲ!"

"ಮತ್ತ ಮಿಕ್ಸರ್?"

ಕಾಶಿ ಮಗ್ಗದತ್ತ ತಿರುಗಿದ. ಮಿಕ್ಸರಿನ ಮೋಟರು ಆಗಲೇ ಮಗ್ಗಕ್ಕೆ ಬಿಗಿದು ಕೂತಿತ್ತು.

ಬೇರೆ ದಿನವಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅಂದು ಮಧ್ಯಾಹ್ನ ಚಂಪಾಳ ಕುಬಸ. ಚೊಚ್ಚಲ ಬಸುರಿಯ ಉಡಿಗೆ ರವಿಕೆ ಹೊಲಿಸುವ ಹೊಸ ಖಣ ಹಾಕಿ ಹರಸುವ ಶಾಸ್ತ್ರ. ಚಂಪಾ ಶಾಕಂಬರಿಯ ತಂಗಿಯ ಮಗಳು. ತಂಗಿ ತೀರಿಕೊಳ್ಳುವಾಗ, "ಇವಳ ಕುಬಸದ ಖಣ ನಾನೇ ನೇಯ್ದು ಹಾಕತೀನಿ" ಎಂದು ಶಾಕಂಬರಿ ಮಾತು ಕೊಟ್ಟಿದ್ದಳು. ಆ ಖಣ ಇನ್ನೂ ಅರ್ಧ ಮಗ್ಗದ ಮೇಲಿತ್ತು!

"ಚಾ ಕುಡಿಯೂದ್ರಾಗ ಮುಗಸ್ತೀನಿ" ಎಂದು ಕಾಶಿ ಗುಂಡಿ ಒತ್ತಿದ.

ನಿಜ ಹೇಳಬೇಕು, ಮುಗಿಯಿತು! ಲಾಳಿ ಕಣ್ಣಿಗೇ ಕಾಣಲಿಲ್ಲ. ನನ್ನ ಚಹಾ ಅರ್ಧವಾಗುವಷ್ಟರಲ್ಲಿ ಕೆಂಪು ದಡಿಯ ಹಸಿರು ಖಣ ಪೂರ್ತಿಯಾಗಿ ನಕ್ಷತ್ರದಂತೆ ಹೊಳೆಯಿತು. ಶಾಕಂಬರಿ ಸಿಟ್ಟು ಮರೆತು ಗಂಡನ ಬಸಿಗೆ ಇನ್ನಷ್ಟು ಚಹಾ ಸುರಿದಳು.

ಕಾಶಿ ಗುಂಡಿ ಆರಿಸಿದ. ಮೋಟರು ನಿಂತಿತು. ಲಾಳಿ ನಿಲ್ಲಲಿಲ್ಲ!

ಮಗ್ಗದಿಂದ ಹಾರಿ ನೆಲಕ್ಕೆ ಬಿದ್ದು, ಗೋಡೆಗೆ ಬಡಿದು, ಹೊರಳಿ ಪಡಸಾಲೆಯ ತುಂಬ ಓಡತೊಡಗಿತು. ಹೋದಲ್ಲೆಲ್ಲ ಕರಿ ಪುಡಿ. ಪುಡಿ ಬಿದ್ದಲ್ಲೆಲ್ಲ ಜಾರಿಕೆ! ನನ್ನ ಕನ್ನಡಕ ಮೂಗಿನ ಮೇಲೆ ನಿಲ್ಲದೆ ಚಹಾದ ಬಟ್ಟಲಿಗೆ ಬಿತ್ತು. ಬಾಗಿಲ ಅಗಳಿ ತಾನಾಗಿ ಸರಿದು ಬಾಗಿಲು ತೆರೆದುಕೊಂಡಿತು. ಕಾಶಿ ಧೋತರದ ಚುಂಗಿನಿಂದ ಲಾಳಿಯನ್ನು ಹಿಡಿಯಲು ಹೋಗಿ ಕೂತಲ್ಲೇ ಜಾರಿ ಅಡುಗೆಮನೆ ಮುಟ್ಟಿದ.

"ಹಿಡೀರಿ ಅದನ್ನ!" ಶಾಕಂಬರಿ ಚೀರಿದಳು.

"ಹಿಡಿಯಾಕ ಬಂದ್ರ ನಾ ಯಾಕ ಹಿಂಗ ಹೊಂಟೀನಿ?"

ಕೊನೆಗೆ ಲಾಳಿ ಹೋಳಿಗೆಯ ಹೂರಣದ ಪಾತ್ರೆಗೆ ಬಿದ್ದು ಹೂತುಹೋಯಿತು. ಶಾಕಂಬರಿ ಅದನ್ನು ಚಿಮುಟದಲ್ಲಿ ಎತ್ತಿ ತಿರುಗಿಸಿ ನೋಡಿದಳು.

"ಏನ್ರೀ, ಇದರ ಬಟ್ಟಿ ಹ್ಯಾಂಗ ಮಡಚಿದ್ರಿ?"

"ಎಲ್ಲಾರೂ ಮಡಚೂ ಹಂಗ. ಮುಖ ಒಳಗ ಮಾಡಿ..." ಕಾಶಿಯ ಬಾಯಿ ಅಲ್ಲೇ ನಿಂತಿತು.

ನಮ್ಮ ಓಣಿಯಲ್ಲಿ ಯಾರೂ ಖಣದ ಮುಖವನ್ನು ಹೊರಗೆ ಮಾಡಿ ಮಡಚುವುದಿಲ್ಲ, ಹೊಳಪು ಹೋಗುತ್ತದೆಂದು. ಐವತ್ತು ವರ್ಷದ ರೂಢಿ ಅವನ ಕೈಯನ್ನು ಬಿಟ್ಟಿರಲಿಲ್ಲ. ಗಟ್ಟಿ ನೂಲು ಒಳಗೆ ಆರಾಮಾಗಿ ಕೂತಿತ್ತು. ಹೊರಗೆ ಬಂದ ಜಾರುವ ನೂಲು ತಿಕ್ಕಿ ತಿಕ್ಕಿ ಪುಡಿಯಾಗಿತ್ತು!

"ಹೋಗ್ಲಿ. ಖಣ ಆತಲ್ಲ" ಎಂದಳು ಶಾಕಂಬರಿ. ಬಟ್ಟೆ ಬದಲಿಸಲೂ ಹೊತ್ತಿರಲಿಲ್ಲ. ಓಡಿದೆವು.

ಚಂಪಾಳ ಅತ್ತೆಮನೆಯಲ್ಲಿ ಐದು ಮಂದಿ ಮುತ್ತೈದೆಯರು ಹಾಡು ಹೇಳುತ್ತಿದ್ದರು. ಶಾಕಂಬರಿ ಅಕ್ಕಿ, ಕೊಬ್ಬರಿ, ಮೇಲೆ ಖಣ ಇಟ್ಟು ಉಡಿ ತುಂಬಿದಳು. ಚಂಪಾ ಕಣ್ಣು ತುಂಬಿಕೊಂಡು ಖಣವನ್ನು ಮೆಲ್ಲಗೆ ಸವರಿದಳು.

ಹಸಿರು ನೂಲುಗಳು ಒಂದು ಕಡೆಗೆ, ಕೆಂಪು ನೂಲುಗಳು ಇನ್ನೊಂದು ಕಡೆಗೆ ಸರಿದವು. ಎಲ್ಲರೂ ನೋಡುತ್ತಿದ್ದಂತೆಯೇ ಖಣ ನೀರಿನಂತೆ ಹರಿದು ಅವಳ ಮಡಿಲಲ್ಲಿ ಬರೀ ನೂಲಿನ ಗುಪ್ಪೆಯಾಯಿತು! ಹಾಡು ನಿಂತಿತು.

"ಬಟ್ಟಿಯೊಳಗ ನೂಲು ನೂಲನ್ನ ಹಿಡಿಯೂದೇ ತಿಕ್ಕಾಟದಿಂದ ವೈನಿ. ಆ ಪುಡಿ ಹೊಕ್ಕು..." ಕಾಶಿ ನನ್ನ ಕಿವಿಯಲ್ಲಿ ಪಾಠ ಶುರುಮಾಡಿದ.

"ಬಾಯಿ ಮುಚ್ಚೋ ಕಾಶಿ!" ಮದುವೆಯಾಗಿ ಬಂದಾಗಿನಿಂದ ನಾನು ಅವನಿಗೆ ಹಾಗೆಂದದ್ದು ಅದೇ ಮೊದಲು.

ಬಾಯಿ ಮುಚ್ಚಿದ. ಆದರೆ ಅವನ ಧೋತರ ಚುಂಗಿನಿಂದ ಬಿಚ್ಚಿಕೊಳ್ಳತೊಡಗಿತು! ಚಂಪಾಳ ಮಾವ ಏನೂ ಕಾಣದವರಂತೆ ಎದ್ದು ಬಂದು, ತಮ್ಮ ಹೆಗಲ ಶಾಲನ್ನು ಅವನ ಸೊಂಟಕ್ಕೆ ಸುತ್ತಿ, "ಇಲ್ಲಿ ಗಾಳಿ ಭಾಳ ನೋಡ್ರಿ" ಎಂದರು. ಅಂಥ ಸಂಭಾವಿತರನ್ನು ನಾನು ಹೆಚ್ಚು ಕಂಡಿಲ್ಲ.

ಶಾಕಂಬರಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಚಂಪಾ ನೂಲನ್ನೆಲ್ಲ ಬಾಚಿ ಎದೆಗೊತ್ತಿಕೊಂಡಳು.

"ದೊಡ್ಡವ್ವ, ಅಳಬ್ಯಾಡ. ಇದನ್ನ ತೊಳದು ಮತ್ತ ನೇಯಿ. ಅವ್ವಗ ಕೊಟ್ಟ ಮಾತು ಎಲ್ಲೂ ಹೋಗಿಲ್ಲ. ಕೂಸು ತೊಟ್ಟಿಲದಾಗ ಮಲಗೂ ದಿನ ನಾ ಇದ ಖಣದ ಕುಬಸ ತೊಡತೀನಿ."

"ಕಟಗಿ ಲಾಳಿಲೆ ನೇಯ್ತೀನವ್ವಾ" ಎಂದಳು ಶಾಕಂಬರಿ, ಗಂಡನನ್ನು ಸುಡುವಂತೆ ನೋಡುತ್ತ.

ಕಾಶಿ ಶಾಲನ್ನು ಬಿಗಿಯಾಗಿ ಹಿಡಿದು ನೂಲಿನ ಮೇಲೆ ಬಗ್ಗಿದ. ಮುಖ ಅರಳಿತು.

"ಏನ ಅನ್ರಿ ವೈನಿ, ಇಷ್ಟು ನೂಲು ಐತಿ, ಒಂದರ ಸಿಕ್ಕ ಬಿದ್ದೈತೇನು?"

ಇಲ್ಲ, ಒಂದೂ ಬಿದ್ದಿರಲಿಲ್ಲ. ಧೋತರದ ನೂಲಿನಲ್ಲೂ ಇರಲಿಲ್ಲ. ಆ ನೂಲನ್ನು ಉಂಡೆ ಸುತ್ತಿದವಳು ನಾನೇ.